ಮನೆಯ ಫೌಜಿಯ ಯುದ್ಧವನ್ನು ಬರೆದಿಡುವುದು ಹೇಗೆ

ನಮ್ಮ ಮಾವನವರು ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದು, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದವರು. 1971ರ ಪಾಕಿಸ್ತಾನ ಯುದ್ಧದಲ್ಲಿ ಮರಾಠಾ ಪಲ್ಟನ್ ಜೊತೆ ಪೂರ್ವದ ಗಡಿ ದಾಟಿ ಆಗಿನ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಈಗಿನ ಬಾಂಗ್ಲಾದೇಶಕ್ಕೆ, ಹೋದವರು. ನಾನು ಈ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾದರೂ ಅದರ ಬಗ್ಗೆ ಅವರ ಬಾಯಿಂದ ಒಂದು ಮಾತು ಕೇಳಿರಲಿಲ್ಲ. ಹೋದ ಚಳಿಗಾಲದಲ್ಲಿ ಪಟ್ಟು ಹಿಡಿದು ಕೂತು ಬರೆದೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ತಡ ಮಾಡಬೇಡಿ. ಆಗ ಇಪ್ಪತ್ತೈದರ ಹುಡುಗರಾಗಿದ್ದವರಿಗೆ ಈಗ ಎಂಬತ್ತರ ಹತ್ತಿರ.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಎದುರಿಗಿಟ್ಟು, "ಮಾವ, ಯುದ್ಧದ ಬಗ್ಗೆ ಹೇಳ್ರಿ" ಅಂದೆ. "ಅದನ್ನೇನ್ ಬರೀತಿ, ಬಿಡವಾ" ಅಂತ ಎದ್ದು ಹೋದರು. ಅಷ್ಟು ದೊಡ್ಡ ಪ್ರಶ್ನೆಗೆ ಯಾರಾದರೂ ಎಲ್ಲಿಂದ ಶುರು ಮಾಡಬೇಕು ಹೇಳಿ. ಆಮೇಲೆ ನಾನು ಯುದ್ಧದ ಮಾತನ್ನೇ ಬಿಟ್ಟು ಟ್ರಂಕ್ ತೆಗೆದೆ.

ನೀವೂ ಕಾಗದಗಳಿಂದಲೇ ಶುರು ಮಾಡಿ. ಕಮಿಷನ್ (ಅಧಿಕಾರಿಯಾಗಿ ನೇಮಕ) ಸಿಕ್ಕ ದಿನ, ಯಾವ ಅಕಾಡೆಮಿ, ಯಾವ ಪಲ್ಟನ್, ಯಾವ ವರ್ಷ ಎಲ್ಲಿ ಪೋಸ್ಟಿಂಗ್, ಇಷ್ಟು ಒಂದು ಹಾಳೆಯಲ್ಲಿ ಬಂದರೆ ಸಾಕು. ಇಲ್ಲಿ ಒಂದೆರಡು ಕಡೆ ಗೊಂದಲ ಆಗುತ್ತದೆ. ನಮ್ಮ ಮಾವನವರ ಹಳೇ ಕಾಗದದಲ್ಲಿ ನಂಬರ್ ಇಸಿ ಅಂತ ಶುರುವಾಗುತ್ತದೆ, ಮುಂದಿನದರಲ್ಲಿ ಐಸಿ ಅಂತ. ಬೇರೆ ಯಾರದೋ ಕಾಗದ ಸೇರಿಕೊಂಡಿದೆ ಅಂದುಕೊಂಡಿದ್ದೆ. 1962ರ ಚೀನಾ ಯುದ್ಧದ ನಂತರ ಅಧಿಕಾರಿಗಳು ತುರ್ತಾಗಿ ಬೇಕಾದಾಗ ಸೇನೆ ಎಮರ್ಜೆನ್ಸಿ ಕಮಿಷನ್ ಕೊಟ್ಟಿತು. ಆಗ ಬಂದವರಿಗೆ ಇಸಿ ನಂಬರ್. ಅವರಲ್ಲಿ ಕಾಯಂ ಆದವರಿಗೆ ಐಸಿ. ಒಬ್ಬರೇ ಮನುಷ್ಯ, ಎರಡು ನಂಬರ್. ಹುದ್ದೆಯೂ ಹಾಗೇ. ಫೋಟೋದಲ್ಲಿ ಭುಜದ ಮೇಲೆ ಮೇಜರ್ ಗುರುತಿದ್ದರೂ ಅದೇ ವರ್ಷದ ಕಾಗದ ಕ್ಯಾಪ್ಟನ್ ಅನ್ನಬಹುದು. ಆಕ್ಟಿಂಗ್ (ತಾತ್ಕಾಲಿಕ) ಹುದ್ದೆ ಬೇರೆ, ಕಾಯಂ ಹುದ್ದೆ ಬೇರೆ. ಎರಡನ್ನೂ ಬರೆದುಕೊಳ್ಳಿ.

ಕಾಗದ ಕಳೆದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ದಾರಿ ಕೇಳಿ. ಜವಾನರ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಅಧಿಕಾರಿಗಳದ್ದು ದೆಹಲಿಯ ಸೇನಾ ಮುಖ್ಯ ಕಚೇರಿಯಲ್ಲಿ. ಮರಾಠಾ ಸೆಂಟರ್ ನಮ್ಮ ಬೆಳಗಾವಿಯಲ್ಲೇ ಇದ್ದರೂ ಅಧಿಕಾರಿಯ ಕಡತಕ್ಕೆ ಅಲ್ಲಿ ಅಲೆದರೆ ಸುಮ್ನೆ ಕಾಲು ನೋವು.

ಪದಕಗಳನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯಿರಿ. ದುಂಡನೆಯ ಪದಕದ ಅಂಚಿನಲ್ಲಿ ನಂಬರ್, ಹುದ್ದೆ, ಹೆಸರು ಕೊರೆದಿರುತ್ತದೆ. ಪೂರ್ವಿ ಸ್ಟಾರ್ ಇದ್ದರೆ 71ರಲ್ಲಿ ಪೂರ್ವ ರಂಗದಲ್ಲಿದ್ದವರು, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮದಲ್ಲಿದ್ದವರು.

ಇದೆಲ್ಲಕ್ಕಿಂತ ನನಗೆ ಜಾಸ್ತಿ ಸಿಕ್ಕಿದ್ದು ಅತ್ತೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಹಳೇ ರೇಷ್ಮೆ ರವಿಕೆಯಲ್ಲಿ ಸುತ್ತಿಟ್ಟ ಹನ್ನೊಂದು ಪತ್ರಗಳು. ಮಡಿಕೆಯಲ್ಲಿ ಸೀಳಿವೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಯಾವುದರಲ್ಲೂ ಊರಿನ ಹೆಸರಿಲ್ಲ, ಇರಲೂಬಾರದು. ವಿಳಾಸ 99 ಎಪಿಒ ಅಂತ ಮಾತ್ರ. ಅಷ್ಟೇ ಸಾಕು, ಅದು ಪೂರ್ವ ಭಾಗದ ಸೇನಾ ಅಂಚೆ. 56 ಎಪಿಒ ಆಗಿದ್ದರೆ ಪಶ್ಚಿಮ, ಉತ್ತರದ ಕಡೆ. ನವೆಂಬರ್‌ನ ಒಂದು ಪತ್ರದಲ್ಲಿ ಯುದ್ಧದ ಸುಳಿವೇ ಇಲ್ಲ. "ಇಲ್ಲಿ ಮಂಜು ಬಹಳ, ಎರಡು ಜೊತೆ ಉಣ್ಣೆ ಕಾಲುಚೀಲ ಕಳಿಸು" ಅಂತಷ್ಟೇ ಇದೆ. ಆ ಸಾಲನ್ನು ಓದಿ ಹೇಳಿದೆ. ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಲುಚೀಲ ಬಂದ್ವು. ಆದ್ರ ನದಿ ದಾಟೂ ಮುಂದ ತೋಯ್ದು ಹೋದ್ವು" ಅಂದರು. ಅಲ್ಲಿಂದ ಕಥೆ ಶುರುವಾಯಿತು. ನಿಮ್ಮ ಮೊದಲ ಪ್ರಶ್ನೆಯೂ ಕಾಲುಚೀಲದಷ್ಟು ಸಣ್ಣದಿರಲಿ. ಏನು ತಿಂದಿರಿ, ಎಲ್ಲಿ ಮಲಗಿದಿರಿ, ಹೆಗಲ ಮೇಲೆ ಏನು ಹೊತ್ತಿದ್ದಿರಿ.

ಮಾತು ಶುರುವಾದ ಮೇಲೆ ನಕಾಶೆ ಬೇಕು. ಅವರ ಬ್ರಿಗೇಡ್, ಅಂದರೆ ಕೆಲವು ಬಟಾಲಿಯನ್ ಸೇರಿದ ಪಡೆ, 95 ಮೌಂಟನ್. ಮೇಘಾಲಯದ ಕಡೆಯಿಂದ ಇಳಿದು, ಗಡಿಯ ಕಮಾಲ್‌ಪುರ ಠಾಣೆ, ಬಕ್ಷಿಗಂಜ್, ಬ್ರಹ್ಮಪುತ್ರದ ಹಳೇ ಹರಿವು, ಜಮಾಲ್‌ಪುರ, ಟಾಂಗೈಲ್, ಕೊನೆಗೆ ಢಾಕಾ. ಇಷ್ಟು ಹೆಸರನ್ನು ಒಂದು ದೊಡ್ಡ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದು ಮುಂದಿಟ್ಟೆ. ಫೋನಿನ ನಕಾಶೆಯನ್ನು ಪೂರ್ತಿ ನಂಬಬೇಡಿ. ಆ ನದಿಗಳು ಹರಿವು ಬದಲಿಸುತ್ತವೆ, ಮರಳದಿಣ್ಣೆಗಳು ಕರಗಿ ಬೇರೆ ಕಡೆ ಏಳುತ್ತವೆ, ಆಗ ಇಲ್ಲದ ಸೇತುವೆ ಈಗ ಇವೆ. ಗಡಿಯಾರವನ್ನೂ ನೋಡಿಕೊಳ್ಳಿ. ಢಾಕಾ ಸಮಯ ನಮಗಿಂತ ಅರ್ಧ ಗಂಟೆ ಮುಂದೆ. ಎರಡು ಕಡೆಯ ಬರಹ ಹೋಲಿಸುವಾಗ ಇದು ತೊಡಕು ಮಾಡುತ್ತದೆ.

ಅವರು "ಪಲ್ಟನ್" ಅಂದಾಗ ನಾನು ಮೂವತ್ತು ಜನರ ಪ್ಲಟೂನ್ ಅಂತ ಬರೆದುಕೊಂಡಿದ್ದೆ. ಫೌಜಿಗಳ ಬಾಯಲ್ಲಿ ಪಲ್ಟನ್ ಅಂದರೆ ಇಡೀ ಬಟಾಲಿಯನ್, ಏಳೆಂಟು ನೂರು ಜನ. ನಾಲ್ಕು ಪುಟ ಮತ್ತೆ ಬರೆಯಬೇಕಾಯಿತು.

ಈಗ ಮುಖ್ಯ ಕೆಲಸ. ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ. ಎಡಕ್ಕೆ "ಕಂಡದ್ದು", ಬಲಕ್ಕೆ "ಕೇಳಿದ್ದು". ಜಮಾಲ್‌ಪುರದ ಕಥೆ ಸೇನೆಯಲ್ಲಿ ಎಲ್ಲರಿಗೂ ಗೊತ್ತು. ಇವರ ಬ್ರಿಗೇಡಿನ ಕಮಾಂಡರ್ ಬ್ರಿಗೇಡಿಯರ್ ಹರ್‌ದೇವ್ ಸಿಂಗ್ ಕ್ಲೇರ್ ಶರಣಾಗಿ ಅಂತ ಪತ್ರ ಕಳಿಸಿದರು. ಊರೊಳಗಿದ್ದ ಪಾಕಿಸ್ತಾನಿ ಪಲ್ಟನ್ 31 ಬಲೂಚ್‌ನ ಕಮಾಂಡರ್, ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್, ಉತ್ತರದ ಪತ್ರದಲ್ಲಿ ಒಂದು ಗುಂಡು ಸುತ್ತಿ ಕಳಿಸಿದರು. ಮಾವನವರು ಇದನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ ಅವರೇ ಪಕ್ಕದಲ್ಲಿದ್ದರು ಅನ್ನಿಸಿತು. "ನೀವು ಆ ಗುಂಡು ನೋಡಿದ್ರಾ?" ಅಂತ ಕೇಳಿದೆ. "ಇಲ್ಲ, ನಾವು ಆಗಲೇ ಊರಿನ ದಕ್ಷಿಣಕ್ಕ ಹೋಗಿ ರಸ್ತೆ ಅಡ್ಡಗಟ್ಟಿ ಕೂತಿದ್ವಿ. ಆಮ್ಯಾಲೆ ಕೇಳಿದ್ದು" ಅಂದರು. ಬಲಗಡೆ ಬರೆದೆ. ಡಿಸೆಂಬರ್ 10ರ ನಡುರಾತ್ರಿ ಕೋಟೆಯಂತಿದ್ದ ಊರಿನಿಂದ ಹೊರಬೀಳಲು ಬಂದ ಪಾಕಿಸ್ತಾನಿ ಸೈನಿಕರು ಇವರ ಅಡ್ಡಗಟ್ಟಿಗೇ ಬಂದು ಬಿದ್ದರು. ಅದು ಎಡಗಡೆಯದು. ಅಲ್ಲಿ ಅವರ ದನಿ ಸಣ್ಣದಾಯಿತು, ವಾಕ್ಯ ಪೂರ್ತಿ ಆಗಲಿಲ್ಲ. ಎಡಗಡೆಯ ಮಾತು ಹೀಗೇ ಇರುತ್ತದೆ. ತುಂಡು ತುಂಡಾಗಿಯೇ ಬರೆದುಕೊಳ್ಳಿ, ನೀವು ಸೇರಿಸಿ ಹೊಲಿಯಬೇಡಿ.

ಅವರು ಸುಮ್ಮನಾದರೆ ನೀವೂ ಸುಮ್ಮನಾಗಿ. ಎಷ್ಟು ಜನ ಸತ್ತರು, ನೀವು ಯಾರನ್ನಾದರೂ ಕೊಂದಿರಾ, ಇವು ಕೇಳುವ ಪ್ರಶ್ನೆಗಳಲ್ಲ. ಮಕ್ಕಳು ಕೇಳಿಬಿಡುತ್ತಾರೆ, ಅವರಿಗೆ ಮೊದಲೇ ಹೇಳಿಡಿ. ಆ ದಿನ ನಾನು ನೋಟ್‌ಬುಕ್ ಮುಚ್ಚಿ ಚಹಾ ಮಾಡಿದೆ. ಐದು ದಿನ ಆ ಮಾತು ಎತ್ತಲಿಲ್ಲ. ಆರನೇ ದಿನ ಅವರೇ ಕರೆದರು.

ತಾರೀಖು ತಪ್ಪಿದರೆ ಎದುರೇ ತಿದ್ದಬೇಡಿ. ಟಾಂಗೈಲ್ ಹತ್ತಿರ ನಮ್ಮ ಸೇನೆಯ ಪ್ಯಾರಾಶೂಟ್ ಪಲ್ಟನ್ 2 ಪ್ಯಾರಾ ವಿಮಾನದಿಂದ ಧುಮುಕಿದ್ದು 12ರಂದು ಅಂದರು. ಅದು 11ರ ಸಂಜೆ. ಅವರ ಮಾತನ್ನು ಅವರದಾಗಿಯೇ ಬರೆದು, ಸರಿಯಾದ ದಿನವನ್ನು ಪುಟದ ಕೆಳಗೆ ಹಾಕಿದೆ. 16ರಂದು ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು, ಸುಮಾರು 93,000 ಜನ ಸೆರೆಯಾದದ್ದು ಎಲ್ಲ ಪುಸ್ತಕದಲ್ಲೂ ಇದೆ. ಅದಕ್ಕೆ ನಾನು ಎರಡೇ ಸಾಲು ಕೊಟ್ಟೆ. ತೋಯ್ದ ಕಾಲುಚೀಲಕ್ಕೆ ಒಂದು ಪುಟ.

ಬರೆದು ಮುಗಿದ ಮೇಲೆ ದೊಡ್ಡ ಅಕ್ಷರದಲ್ಲಿ, ಅಂಚು ಅಗಲವಾಗಿ ಬಿಟ್ಟು ಪ್ರಿಂಟ್ ತೆಗೆಸಿ, ಪೆನ್ಸಿಲ್ ಜೊತೆ ಅವರ ಕೈಗೆ ಕೊಡಿ. ಅವರು ಹೊಡೆದು ಹಾಕಿದ್ದನ್ನು ಮರುಮಾತಿಲ್ಲದೆ ತೆಗೆಯಿರಿ. ನಮ್ಮ ಮಾವನವರು ಎರಡು ಹೆಸರು ಹೊಡೆದು ಹಾಕಿದರು. ಆ ಮನೆಯವರಿಗೆ ನೋವಾಗಬಾರದು ಅಂತ. ನದಿ ದಾಟಿದ ಪುಟದಲ್ಲಿ ನಾನು "ಎರಡು ದೋಣಿ" ಅಂತ ಬರೆದಿದ್ದೆ. ಅದನ್ನು ಹೊಡೆದು, ನಡುಗುವ ಕೈಯಲ್ಲಿ ಅಂಚಿಗೆ ಬರೆದರು: "ನಾಲ್ಕು. ಅಂಬಿಗರು ಅದೇ ಊರಿನವರು, ರೊಕ್ಕ ತಗೊಳ್ಳಲಿಲ್ಲ."