ಹಿಂಡಿಯನ್ನು ಮುಂದೆ ಬಿಟ್ಟು ಎಣ್ಣೆ ಮಾರಿದ ನನ್ನ ಅನುಭವ

ಚಳ್ಳಕೆರೆ ಸೀಮೆಯಲ್ಲಿ ಗಾಣದ ಶೇಂಗಾ ಎಣ್ಣೆಯನ್ನು ಹೊಸದಾಗಿ ಮಾರುಕಟ್ಟೆಗೆ ಬಿಡುತ್ತೇನೆ ಎಂದಾಗ ನನ್ನ ಭಾವನೂ ಸೇರಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಎಣ್ಣೆ ನಗರ ಎನ್ನಿಸಿಕೊಂಡ ಊರಿನಲ್ಲೇ ಮಿಲ್ಲುಗಳು ಬೀಗ ಹಾಕಿಕೊಂಡಿವೆ, ನಿನ್ನ ಮರದ ಗಾಣ ಯಾವ ಲೆಕ್ಕ?" ಮಾತಿನಲ್ಲಿ ಹುರುಳಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದು ಸಲೀಸಾದ ಮೇಲೆ ಬೆಲೆಯ ಪೈಪೋಟಿಯಲ್ಲಿ ಶೇಂಗಾ ಎಣ್ಣೆ ತಲೆ ಎತ್ತಿದ್ದೇ ಕಡಿಮೆ. ಈಗ ನನ್ನ ಗಾಣಕ್ಕೆ ಮೂರನೆಯ ವರ್ಷ. ತಿಂಗಳಿಗೆ ಹೆಚ್ಚುಕಡಿಮೆ ಒಂಬೈನೂರು ಲೀಟರ್ ಹೋಗುತ್ತದೆ, ಒಂದು ರೂಪಾಯಿ ಉದ್ರಿ ಇಲ್ಲದೆ. ಗಾಣ ಇಟ್ಟವರಿಗೆ ಯಂತ್ರದ ವಿಚಾರ ಹೇಳಬೇಕಾಗಿಲ್ಲ. ಮಾರಿದ ಬಗೆಯನ್ನಷ್ಟೇ ಬರೆಯುತ್ತೇನೆ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ, ಕಿರಾಣಿ ಅಂಗಡಿ. ಅಂಗಡಿಯವರು ಶೇಕಡ 15 ಕಮಿಷನ್ ಕೇಳಿದರು, ದುಡ್ಡು ಒಂದೂವರೆ ತಿಂಗಳ ಮೇಲೆ. ಬಾಟಲಿಗಳು ಬಿಸಿಲು ಬೀಳುವ ಸಾಲಿನಲ್ಲಿ ಕುಳಿತವು, ಕಮಟು ವಾಸನೆ ಹಿಡಿದು ವಾಪಸ್ ಬಂದವು. ಅಲ್ಲಿ ಸಿಕ್ಕಿಬಿದ್ದ ಹಣ ಸುಮಾರು ಅರವತ್ತು ಸಾವಿರ. ಆಮೇಲೆ ಮದುವೆ ಮನೆಯ ಅಡುಗೆಭಟ್ಟರ ಬಳಿ ಹೋದೆ. ಗಾಣದ ಎಣ್ಣೆ ದೊಡ್ಡ ಬಾಣಲೆಯಲ್ಲಿ ನೊರೆ ಉಕ್ಕಿಸುತ್ತದೆ. ನೂರಾರು ಜನಕ್ಕೆ ಪೂರಿ ಕರಿಯುವವರಿಗೆ ಅದು ಒಗ್ಗಲಿಲ್ಲ. ಬೆಂಗಳೂರಿಗೆ ಕೊರಿಯರ್ ಮಾಡಿದ್ದೂ ಆಯಿತು. ಲೀಟರಿಗೆ ತೊಂಬತ್ತು ರೂಪಾಯಿ ಸಾಗಣೆ, ಜೊತೆಗೆ ಸೋರಿಕೆ.

ಆಗ ಕುಳಿತು ಲೆಕ್ಕ ಹಾಕಿದೆ. ನೂರು ಕಿಲೋ ಬೀಜ ಆಡಿಸಿದರೆ ನನಗೆ 38ರಿಂದ 40 ಲೀಟರ್ ಎಣ್ಣೆ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ 55 ಕಿಲೋ ಆಸುಪಾಸು. ಬೀಜಕ್ಕೆ ಹನ್ನೊಂದೂವರೆ ಸಾವಿರ ಹೋದರೆ ಹಿಂಡಿಯಿಂದ ಎರಡೂವರೆ ಸಾವಿರದ ಮೇಲೆ ವಾಪಸ್ ಬರುತ್ತದೆ. ಬಾಟಲಿ, ಕರೆಂಟು, ಕೂಲಿ ಸೇರಿ ಲೀಟರಿಗೆ 260 ಬೀಳುತ್ತದೆ, 320ಕ್ಕೆ ಮಾರಬೇಕು. ಅಂಗಡಿಯವನಿಗೆ 48 ಕೊಟ್ಟರೆ ನನಗೆ ಉಳಿಯುವುದು ಹನ್ನೆರಡು. ಅಂದರೆ ಅಂಗಡಿಯ ದಾರಿಯೇ ನನ್ನದಲ್ಲ. ಆದರೆ ಹಿಂಡಿಗೆ ಮಾತ್ರ ಯಾರ ಬಳಿಯೂ ಹೋಗಿರಲಿಲ್ಲ, ಹಸು ಕಟ್ಟಿದವರೇ ಹುಡುಕಿಕೊಂಡು ಬರುತ್ತಿದ್ದರು. ಗಾಣದ ಹಿಂಡಿಯಲ್ಲಿ ಎಣ್ಣೆಯ ಅಂಶ ಇನ್ನೂ ಉಳಿದಿರುತ್ತದೆ ಎಂಬುದು ಅವರಿಗೆ ಗೊತ್ತು.

ನನ್ನ ಯೋಜನೆ ಅಲ್ಲಿಂದ ಹುಟ್ಟಿತು. ಎಣ್ಣೆಯನ್ನು ಬದಿಗಿಟ್ಟು ಮೊದಲು ಹಿಂಡಿಯನ್ನು ಊರಿಗೆ ಪರಿಚಯಿಸಿದೆ. ಹಾಲಿನ ಸಂಘದ ಎದುರು, ಅಂಗಡಿ ದರಕ್ಕಿಂತ ಕಿಲೋಗೆ ಎರಡು ರೂಪಾಯಿ ಕಡಿಮೆಗೆ, ಎರಡು ತಿಂಗಳಷ್ಟು ಕಾಲ. ಆ ಅವಧಿಯ ಎಣ್ಣೆಯನ್ನು ಟಿನ್ ಲೆಕ್ಕದಲ್ಲಿ ಸಗಟು ವ್ಯಾಪಾರಿಗೆ ನಷ್ಟಕ್ಕೆ ಕೊಟ್ಟೆ. ಹದಿನೈದು ಸಾವಿರದಷ್ಟು ಹೋಯಿತು. ಅದನ್ನು ಪ್ರಚಾರದ ಖರ್ಚು ಎಂದೇ ಪುಸ್ತಕದಲ್ಲಿ ಬರೆದೆ. ಭಾವ ತಲೆ ಚಚ್ಚಿಕೊಂಡರು.

ಹಿಂಡಿ ಮಾರುವವರು ಒಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಬೂಸ್ಟು ಹಿಡಿದ ಬೀಜದಲ್ಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಎಣ್ಣೆಗಿಂತ ಹಿಂಡಿಯಲ್ಲೇ ಹೆಚ್ಚು ಉಳಿಯುತ್ತದೆ, ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಆ ಹಾಲನ್ನು ಕುಡಿಯುವುದು ಮಕ್ಕಳು. ಬೀಜ ಆರಿಸಲು ಇಬ್ಬರು ಹೆಂಗಸರಿಗೆ ದಿನವೂ ಕೂಲಿ ಕೊಡುತ್ತೇನೆ. ಈ ಖರ್ಚನ್ನು ಉಳಿಸುವವರ ಜೊತೆ ನನಗೆ ಮಾತಿಲ್ಲ.

ಎಣ್ಣೆ ಹೊರಬಿಟ್ಟದ್ದು ದೀಪಾವಳಿ ಕಳೆದ ಮೇಲೆ, ಹೊಸ ಶೇಂಗಾ ಬಂದು ದರ ಇಳಿದಾಗ. ದಿನವನ್ನು ಪಂಚಾಂಗ ನೋಡಿ ಆರಿಸಲಿಲ್ಲ, ಹಾಲಿನ ಬಟವಾಡೆ, ಅಂದರೆ ಸಂಘ ಹಾಲಿನ ದುಡ್ಡು ಕೊಡುವ ದಿನ ನೋಡಿ ಆರಿಸಿದೆ. ನಮ್ಮ ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ; ಅಂದು ಮನೆಯೊಡತಿಯ ಕೈಯಲ್ಲಿ ರೊಕ್ಕ ಇರುತ್ತದೆ, ಉದ್ರಿಯ ಮಾತೇ ಬರುವುದಿಲ್ಲ. 200 ಮಿಲಿ ಬಾಟಲಿ, 65 ರೂಪಾಯಿ. ಬಿಡಿ ಎಣ್ಣೆ ಮಾರುವಂತಿಲ್ಲ, ಆದ್ದರಿಂದ ಸಣ್ಣದಕ್ಕೂ ಸೀಲು, ಲೇಬಲ್ಲು. ಪುಕ್ಕಟೆ ಹಂಚು ಎಂದು ಸಲಹೆ ಕೊಟ್ಟವರಿದ್ದರು. ಪುಕ್ಕಟೆ ಬಂದ ಎಣ್ಣೆ ದೇವರ ದೀಪಕ್ಕೆ ಹೋಗುತ್ತದೆ, ಒಗ್ಗರಣೆಗೆ ಬರುವುದಿಲ್ಲ. ಕರಿಯಲು ಬೇಡ, ಚಟ್ನಿಗೆ, ಒಗ್ಗರಣೆಗೆ, ಬಿಸಿ ರೊಟ್ಟಿಯ ಜೊತೆ ಖಾರದ ಪುಡಿಗೆ ಹಾಕಿಕೊಳ್ಳಿ ಎಂದು ನಾನೇ ಹೇಳಿ ಮಾರಿದೆ. ನೊರೆಯ ದೂರು ಅಲ್ಲಿಗೇ ನಿಂತಿತು. ಮೊದಲ ಬಟವಾಡೆಗೆ ನೂರರ ಹತ್ತಿರ ಬಾಟಲಿ ಹೋದವು. ಮೂರನೆಯದಕ್ಕೆ ಜನ ಲೀಟರ್ ಡಬ್ಬಿ ಕೇಳಿದರು. ಹಸುವಿಗೆ ಒಪ್ಪಿದ್ದನ್ನು ಮನೆಗೂ ಒಯ್ಯುತ್ತಾರೆ ಎಂಬ ನನ್ನ ಎಣಿಕೆ ಸರಿಯಾಯಿತು. ಈಗ ಭಾವನೇ ತಮ್ಮ ಊರಿನ ಸಂಘದ ಮುಂದೆ ನಿಂತು ಮಾರುತ್ತಾರೆ.

ಗಾಣಕ್ಕೆ ಹಾಕುವ ಮುನ್ನ ಬೀಜದ ತೇವವನ್ನು ಎಷ್ಟಕ್ಕೆ ತರುತ್ತೇನೆ, ಸಂಘದ ಕಾರ್ಯದರ್ಶಿಯನ್ನು ಹೇಗೆ ಒಪ್ಪಿಸಿದೆ, ಇವೆರಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಹುಚ್ಚೆಳ್ಳೆಣ್ಣೆಯನ್ನೂ ಆಡಿಸಿ ನೋಡಿದೆ. ಪರಿಮಳಕ್ಕೆ ಹಳಬರು ಮುಗಿಬಿದ್ದರು, ಆದರೆ ಬೀಜ ಸಿಗುವುದೇ ಕಷ್ಟ; ಇಪ್ಪತ್ತು ಲೀಟರಿಗೆ ನಿಲ್ಲಿಸಿದೆ. ಕುಸುಬೆ ಇನ್ನೂ ಪರೀಕ್ಷೆಯಲ್ಲಿದೆ. ಹಿರಿಯೂರು ಕಡೆಯ ಎರಡು ಸಂಘಗಳ ಜೊತೆ ಮಾತಾಗಿದೆ: ಈ ಕಾರ್ತಿಕದಲ್ಲಿ ಹಿಂಡಿ ಹೋಗುತ್ತದೆ, ಎಣ್ಣೆ ಸಂಕ್ರಾಂತಿಯ ನಂತರದ ಬಟವಾಡೆಗೆ.