ಒಂದು ಭಾಷೆ ಮನೆ, ಎರಡು ಭಾಷೆ ಮನೆ: ಪುಟಾಣಿಗಳಿಗೆ ಹೊಸ ಪದ ಕಲಿಸೋದು ಹೆಂಗೆ

ಒಂದೂವರೆ ವರ್ಷದ ಮಗು ಮುಂದೆ ದಿನಾ ನೋಡೋ ಚಮಚ ಒಂದು, ಯಾವತ್ತೂ ನೋಡಿರದ ಜರಡಿ ಒಂದು ಇಟ್ಟು "ಜರಡಿ ಎಲ್ಲಿ?" ಅಂತ ಕೇಳಿ. ಬರೀ ಕನ್ನಡ ಕೇಳ್ಕೊಂಡು ಬೆಳೆದಿರೋ ಮಗು ಸಾಮಾನ್ಯವಾಗಿ ಜರಡಿ ಕಡೆನೇ ನೋಡುತ್ತೆ, ಚಮಚಕ್ಕೆ ಆಗ್ಲೇ ಹೆಸರಿದೆಯಲ್ಲ, ಹಂಗಾಗಿ ಈ ಹೊಸ ಹೆಸರು ಇನ್ನೊಂದರದ್ದೇ ಇರ್ಬೇಕು ಅನ್ನೋ ಲೆಕ್ಕ ಅದರದ್ದು. ಅಮ್ಮ ಕನ್ನಡ ಅಪ್ಪ ತೆಲುಗು ಇರೋ ಮನೆ ಮಗು ಅಷ್ಟು ಖಚಿತವಾಗಿ ಆ ಕಡೆ ತಿರುಗಲ್ಲ. ದಡ್ಡ ಅಂತಲ್ಲ ಮತ್ತೆ! ಅಮ್ಮ ನಾಯಿ ಅಂದಿದ್ದನ್ನೇ ಅಪ್ಪ ಕುಕ್ಕ ಅಂತಾರೆ, ಹಂಗಿದ್ಮೇಲೆ ಜರಡಿ ಅನ್ನೋದು ಚಮಚದ್ದೇ ಇನ್ನೊಂದು ಹೆಸರು ಯಾಕಾಗಿರಬಾರದು? 2009ರಲ್ಲಿ ಕೆನಡಾದ ಕ್ರಿಸ್ಟಾ ಬೈಯರ್ಸ್-ಹೈನ್ಲೈನ್ ಮತ್ತು ಜಾನೆಟ್ ವರ್ಕರ್ 17-18 ತಿಂಗಳ ಮಕ್ಕಳಲ್ಲಿ ಇದನ್ನೇ ಕಂಡ್ರು: ಒಂದು ಭಾಷೆ ಮಕ್ಕಳಲ್ಲಿ ಈ ಊಹೆ ಜೋರು, ಎರಡು ಭಾಷೆಯವರಲ್ಲಿ ಸ್ವಲ್ಪ, ಮೂರು ಭಾಷೆಯವರಲ್ಲಿ ಕಾಣ್ಲೇ ಇಲ್ಲ.

ಆದ್ರೆ ಊಹೆ ಮಾಡಿದ್ರೆ ಕಲಿತ ಹಂಗಲ್ಲ. 2008ರ ಇನ್ನೊಂದು ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳು ಹೊಸ ವಸ್ತುನ ಸರಿಯಾಗೇ ಆರಿಸಿದ್ರು, ಐದು ನಿಮಿಷ ಬಿಟ್ಟು ಕೇಳಿದ್ರೆ ಹೆಸರು ಮರೆತೇ ಹೋಗಿತ್ತು. ವಸ್ತುನ ಎತ್ತಿ ಹಿಡಿದು, ತೋರಿಸಿ ಹೆಸರು ಹೇಳಿದಾಗ ಮಾತ್ರ ನೆನಪು ಉಳೀತು. ಹಂಗಾಗಿ ಎಂಥ ಮನೆಯಾದ್ರೂ ಮಾಡ್ಬೇಕಾಗಿರೋದು ಇಷ್ಟೇ, ಮಗು ಯಾವುದನ್ನ ನೋಡ್ತಿದೆಯೋ ಅದರ ಹೆಸರು ಹೇಳಿ, ನೀವು ಕಲಿಸ್ಬೇಕು ಅಂದ್ಕೊಂಡಿದ್ದರ ಕಡೆ ಅದರ ಮುಖ ತಿರುಗಿಸ್ಬೇಡಿ. ಹಿಟ್ಟು ಜರಡಿ ಹಿಡಿಯುವಾಗ ಮಗು ಬಂದು ಕೈ ಹಾಕುತ್ತಲ್ಲ, ಆಗ "ಜರಡಿ. ಜರಡಿ ಬೇಕಾ? ತಗೋ ಜರಡಿ. ಜರಡಿಲಿ ಹಿಟ್ಟು ಬೀಳ್ತು ನೋಡು" ಅಂತ ಅದರ ಕೈಗೇ ಕೊಟ್ಟು ಹೇಳಿ, ಹಿಟ್ಟು ಚೆಲ್ಲುತ್ತೆ, ಚೆಲ್ಲಲಿ ಬಿಡಿ. ಸಾಯಂಕಾಲ ಟೀ ಸೋಸುವಾಗ ಇನ್ನೊಂದು ಜರಡಿ ತೋರಿಸಿ, ಒಂದೇ ಸಾಮಾನಿಗೆ ಅಂಟಿಕೊಂಡಿರೋ ಹೆಸರಲ್ಲ ಅಂತ ಅದಕ್ಕೂ ಗೊತ್ತಾಗ್ಲಿ. ಎರಡು ಭಾಷೆ ಮನೇಲಿ ಈ ತೋರಿಸೋದು ಇನ್ನೂ ಸ್ವಲ್ಪ ಜಾಸ್ತಿ ಇರ್ಲಿ, ಊಹೆ ಕಮ್ಮಿ ಅಲ್ವಾ ಅಲ್ಲಿ.

ಇನ್ನು ನಮ್ಮ ಬೆಂಗಳೂರು ಮಿಕ್ಸ್, "ಪುಟ್ಟಾ ಡಾಗಿ ನೋಡು, ಹ್ಯಾಂಡ್ ವಾಶ್ ಮಾಡು". ಇಂಗ್ಲಿಷ್-ಫ್ರೆಂಚ್ ಎರಡೂ ಕೇಳೋ ಮಾಂಟ್ರಿಯಲ್‌ನ 20 ತಿಂಗಳ ಮಕ್ಕಳಿಗೆ ವಾಕ್ಯದ ಮಧ್ಯ ಭಾಷೆ ಬದಲಾದ್ರೆ ಪದ ಹಿಡಿಯೋದು ಒಂದು ಚೂರು ನಿಧಾನ ಆಯ್ತು, ಒಂದು ವಾಕ್ಯ ಮುಗಿಸಿ ಮುಂದಿನದ್ದು ಬೇರೆ ಭಾಷೇಲಿ ಹೇಳಿದ್ರೆ ಆ ತೊಂದ್ರೆ ಕಮ್ಮಿ ಆಯ್ತು, ಇಲ್ಲಾ ಕಾಣ್ಲೇ ಇಲ್ಲ (2017ರ ಅಧ್ಯಯನ). ಅದು ಕ್ಷಣದ ಮಾತು, ಇದಕ್ಕೋಸ್ಕರ ಮನೇಲಿ ಪೊಲೀಸ್ ಕೆಲಸ ಶುರು ಮಾಡ್ಬೇಡಿ. ಹೊಸ ಪದ ಹೇಳುವಾಗ ಮಾತ್ರ "ಅಗೋ ನಾಯಿ ಬಂತು" ಅಂತ ಪೂರ್ತಿ ಒಂದು ಭಾಷೇಲಿ ಮುಗಿಸಿ, ಆಮೇಲೆ ಬೇಕಾದ್ರೆ ಇನ್ನೊಂದು ಭಾಷೇಲಿ ಹೇಳಿ.

ಪಕ್ಕದ ಮನೆ ಮಗು ಜೊತೆ ಹೋಲಿಸೋ ಅಭ್ಯಾಸ ಇದ್ರೆ (ಯಾರಿಗಿಲ್ಲ ಹೇಳಿ) ಎಣಿಸೋ ರೀತಿನಾದ್ರೂ ಸರಿ ಮಾಡ್ಕೊಳ್ಳಿ. ಬರೀ ಕನ್ನಡದ್ದು ಎಣಿಸಿದ್ರೆ ಎರಡು ಭಾಷೆ ಮಗು ಹಿಂದೆ ಬಿದ್ದ ಹಂಗೇ ಕಾಣುತ್ತೆ, ಎರಡೂ ಭಾಷೆ ಪದ ಸೇರಿಸಿ ಎಣಿಸಿದ್ರೆ ಸಾಮಾನ್ಯವಾಗಿ ಒಂದು ಭಾಷೆ ಮಕ್ಕಳ ಸಮಕ್ಕೇ ಬರುತ್ತೆ. ಮಮ್ಮು, ಅಂಬಾ, ಬೌಬೌ ಎಲ್ಲಾ ಲೆಕ್ಕಕ್ಕುಂಟು, ಒಂದೇ ಅರ್ಥಕ್ಕೆ ಯಾವಾಗ್ಲೂ ಅದನ್ನೇ ಅಂದ್ರೆ ಸಾಕು.

ಮೊಬೈಲಲ್ಲಿ ರೈಮ್ಸ್ ಹಾಕಿ ಕೂರಿಸಿದ್ರೆ ಈ ವಯಸ್ಸಲ್ಲಿ ಎದುರಿಗಿರೋ ಮನುಷ್ಯರ ಹತ್ರ ಕಲಿತಷ್ಟು ಕಲಿಯಲ್ಲ, ಅಜ್ಜಿ ವಿಡಿಯೋ ಕಾಲ್ ಬೇರೆ, ಅವರು ಮಗು ಅಂದಿದ್ದಕ್ಕೆ ಉತ್ತರ ಕೊಡ್ತಾರಲ್ಲ.

ಎರಡು ವರ್ಷ ಆದ್ರೂ "ಹಾಲು ಬೇಕು", "ಅಪ್ಪ ಬಾ" ಥರ ಎರಡು ಪದ ಯಾವ ಭಾಷೇಲೂ ಜೋಡಿಸ್ತಿಲ್ಲ, ಇಲ್ಲಾ ಹಿಂದಿಂದ ಕರೆದ್ರೆ ತಿರುಗಲ್ಲ ಅಂದ್ರೆ ಎರಡು ಭಾಷೆ ಅಂತ ನೆಪ ಹೇಳ್ಕೊಂಡು ಕೂರ್ಬೇಡಿ, ಮೊದಲು ಕಿವಿ ಟೆಸ್ಟ್ ಮಾಡ್ಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಅಂತಾರಲ್ಲ, ಅಲ್ಲಿ ಕಿವಿನೂ ನೋಡ್ತಾರೆ ಮಾತೂ ನೋಡ್ತಾರೆ. ಹೋಗುವಾಗ ಮಗು ಆಡೋ ಪದಗಳನ್ನೆಲ್ಲ, ಎರಡೂ ಭಾಷೆದ್ದು, ಒಂದು ಚೀಟಿಲಿ ಬರ್ಕೊಂಡು ಹೋಗಿ, ಅಲ್ಲಿ ಕೇಳೇ ಕೇಳ್ತಾರೆ.