ಕೋಶವೊಂದು ಗೋಡೆ ಒಡೆಯೋದನ್ನ ನೋಡೋಕೆ ಎರಡು ತಿಂಗಳು

"ಇಷ್ಟೆಲ್ಲ ಓದಿ ಬೆಂಗಳೂರಲ್ಲಿ ಹುಳ ಸಾಕ್ತಿದ್ಯಾ?" ಅಂತ ಅಮ್ಮ ಈಗಲೂ ಫೋನಿನಲ್ಲಿ ಕೇಳುತ್ತಾಳೆ. ಹೌದು, ಹುಳಾನೇ. ಸಿ. ಎಲೆಗನ್ಸ್. ಪೂರ್ತಿ ಬೆಳೆದರೂ ಒಂದು ಮಿಲಿಮೀಟರ್ ಉದ್ದ. ಮೈ ಗಾಜಿನ ಹಾಗೆ, ಬದುಕಿರುವಾಗಲೇ ಒಳಗಿನ ಕೋಶಗಳನ್ನು ಎಣಿಸಬಹುದು.

ನಾನು ನೋಡಬೇಕಿದ್ದದ್ದು ಒಂದೇ ಕೋಶವನ್ನು: ಆಂಕರ್ ಸೆಲ್. ಮರಿ ಮೂರನೇ ಹಂತದಲ್ಲಿರುವಾಗ ಇದು ತಳಪೊರೆ, ಅಂದರೆ ಅಂಗಾಂಶಗಳ ನಡುವಿನ ತೆಳು ಪ್ರೋಟೀನ್ ಹಾಳೆ, ತೂತು ಮಾಡಿ ಕೆಳಗಿಳಿಯುತ್ತದೆ. ಮುಂದೆ ಮೊಟ್ಟೆ ಹೊರಬರುವ ದಾರಿ ಶುರುವಾಗೋದು ಅಲ್ಲಿಂದಲೇ. ಪೊರೆ ಒಂದಲ್ಲ, ಎರಡು. ಬೆಂಗಳೂರಿನ 30-40 ಸೈಟುಗಳಲ್ಲಿ ಅಕ್ಕಪಕ್ಕದವರು ತಮ್ಮತಮ್ಮ ಗೋಡೆಯನ್ನು ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿರುತ್ತಾರಲ್ಲ, ಹಾಗೆ. ಎರಡನ್ನೂ ಒಡೆಯಬೇಕು. ಕ್ಯಾನ್ಸರ್ ಕೋಶ ಹರಡುವಾಗಲೂ ಇಂಥ ಪೊರೆ ದಾಟುತ್ತದೆ, ಆದರೆ ಎಲ್ಲಿ, ಯಾವಾಗ ಅಂತ ಕಾದು ಕೂರೋಕಾಗಲ್ಲ. ಹುಳದಲ್ಲಿ ಜಾಗವೂ ಗೊತ್ತು, ಹೊತ್ತೂ ಗೊತ್ತು.

ಹೊತ್ತು ಗೊತ್ತು ಅಂದುಕೊಂಡಿದ್ದೇ ನನ್ನ ತಪ್ಪು.

ತಾಯಿ ಹುಳಗಳನ್ನು ಬ್ಲೀಚಿನಲ್ಲಿ ಕರಗಿಸಿ ಮೊಟ್ಟೆ ತೆಗೆಯುತ್ತಿದ್ದೆ. ಊಟವಿಲ್ಲದ ದ್ರಾವಣದಲ್ಲಿ ರಾತ್ರಿಯಿಡೀ ಬಿಟ್ಟರೆ ಮರಿಗಳೆಲ್ಲ ಮೊದಲ ಹಂತದಲ್ಲೇ ನಿಂತುಬಿಡುತ್ತವೆ. ಬೆಳಿಗ್ಗೆ ಊಟಕ್ಕೆ ಈ. ಕೋಲಿ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿಗೆ ಹಾಕಿ 20 ಡಿಗ್ರಿಯಲ್ಲಿಟ್ಟರೆ ಒಟ್ಟಿಗೆ ಬೆಳೆಯಬೇಕು. ಸುಮಾರು 30 ಗಂಟೆ ಆದಮೇಲೆ ಮೈಕ್ರೋಸ್ಕೋಪ್ ಮುಂದೆ ಹಾಜರ್. ಏಪ್ರಿಲ್‌ನ ಒಂದು ರಾತ್ರಿ ಕರೆಂಟ್ ಹೋಯಿತು. ಇನ್‌ಕ್ಯುಬೇಟರ್ 26ಕ್ಕೇರಿತ್ತು. ಸೆಕೆಗೆ ಹುಳ ಬೇಗ ಬೆಳೆಯುತ್ತದೆ. ನಾನು ಹೋಗಿ ನೋಡುವಷ್ಟರಲ್ಲಿ ಎಲ್ಲದರಲ್ಲೂ ತೂತು ಆಗಿಹೋಗಿತ್ತು.

ಅದಾದರೂ ಪರವಾಗಿಲ್ಲ. ಇನ್ನೊಂದು ಸಲ ನಾನೇ ನನಗೆ ಟೋಪಿ ಹಾಕಿಕೊಂಡೆ. ಫಾಸ್-1 ಅನ್ನೋ ಜೀನ್ ಅಡಗಿಸಿದರೆ ಆಂಕರ್ ಸೆಲ್‌ಗೆ ಪೊರೆ ಒಡೆಯೋಕೆ ಆಗಲ್ಲ. ಹಾಗೆ ಅಡಗಿಸಿದ ಪ್ಲೇಟಿನಲ್ಲಿ ನೋಡಿದ ಅಷ್ಟೂ ಹುಳಗಳಲ್ಲಿ ಪೊರೆ ಗಟ್ಟಿಯಾಗೇ ಇತ್ತು. ಖುಷಿಯಿಂದ ಲ್ಯಾಬಿನ ಸೀನಿಯರ್ ಅಕ್ಕನಿಗೆ ಫೋಟೊ ತೋರಿಸಿದೆ. ಅವರು ಆಂಕರ್ ಸೆಲ್ ಕಡೆ ನೋಡಲೇ ಇಲ್ಲ. "ಕೆಳಗಡೆ ಎಷ್ಟು ಕೋಶ ಇದೆ, ಎಣಿಸಿದ್ಯಾ?" ಅಂದರು.

ಒಂದೇ ಇತ್ತು.

ಆಂಕರ್ ಸೆಲ್‌ನ ಕೆಳಗೇ ಪಿ6.ಪಿ ಅನ್ನೋ ಕೋಶ ಇರುತ್ತದೆ. ಅದು ವಿಭಜನೆಯಾಗದೆ ಒಂದೇ ಆಗಿರುವಾಗ ಪೊರೆ ಎಲ್ಲ ಹುಳದಲ್ಲೂ ಗಟ್ಟಿ. ಎರಡಾದಾಗ ಒಡೆಯೋಕೆ ಶುರು. ನಾಲ್ಕಾಗುವ ಹೊತ್ತಿಗೆ ದಾರಿ ಆಗಿರಬೇಕು. ನನ್ನ ಹುಳಗಳು ಸೋತಿರಲಿಲ್ಲ, ಸುಮ್ನೆ ಚಿಕ್ಕವಾಗಿದ್ದವು. ಆವತ್ತಿಂದ ಗಂಟೆ ಲೆಕ್ಕ ಬರೀ ಅಂದಾಜಿಗೆ. ನಾಲ್ಕು ಕೋಶ ಆಗಿರುವ ಹುಳಗಳನ್ನು ಮಾತ್ರ ಲೆಕ್ಕಕ್ಕೆ ತಗೊಂಡೆ. ಮಾಮೂಲಿ ಹುಳಗಳಲ್ಲಿ ತೂತು ಇತ್ತು. ಫಾಸ್-1 ಅಡಗಿಸಿದ ಬಹಳಷ್ಟರಲ್ಲಿ ಪೊರೆಯ ಗೆರೆ ಹಾಗೇ ಇತ್ತು, ಮೇಲೆ ಆಂಕರ್ ಸೆಲ್ ಕೂತಿತ್ತು.

ಗೆರೆಯೂ ಮೋಸ ಮಾಡುತ್ತದೆ. ಫೋಕಸ್ ಸ್ವಲ್ಪ ಆಚೀಚೆ ಆದರೂ ಇಲ್ಲದ ತೂತು ಕಾಣುತ್ತದೆ. ಅದಕ್ಕೆ ಪೊರೆಯ ಲ್ಯಾಮಿನಿನ್ ಪ್ರೋಟೀನಿಗೆ ಹಸಿರು ಹೊಳಪು ಸೇರಿಸಿದ ಹುಳಗಳನ್ನೇ ಬಳಸಿ, ಮೇಲಿಂದ ಕೆಳಗಿನವರೆಗೆ ಪದರ ಪದರವಾಗಿ ಫೋಟೊ ತೆಗೆಯುತ್ತೇನೆ. ಸ್ಲೈಡ್ ಮೇಲೆ ಹುಳ ಕೂರಿಸುವ ಅಗರೋಸ್ ಜೆಲ್ ಒಣಗಬಾರದು. ಹುಳ ಒದ್ದಾಡದಿರಲಿ ಅಂತ ಹಾಕುವ ಲೆವಮಿಸೋಲ್ ಜಾಸ್ತಿ ಆದರೆ ಬೆಳವಣಿಗೆಯೇ ನಿಂತುಹೋಗುತ್ತದೆ, ಆಮೇಲೆ ಎಷ್ಟು ಕಾದರೂ ಅಷ್ಟೇ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಸಿಕ್ಕಿತು. ಪಿ6.ಪಿ ಎರಡಾಗಿತ್ತು. ಆಂಕರ್ ಸೆಲ್‌ನ ಬುಡದಲ್ಲಿ ಆಕ್ಟಿನ್ (ಕೋಶಕ್ಕೆ ತಳ್ಳುವ ಬಲ ಕೊಡುವ ಪ್ರೋಟೀನ್) ಚುಕ್ಕಿಗಳು ಹುಟ್ಟುತ್ತಿದ್ದವು, ಕರಗುತ್ತಿದ್ದವು. ಆಮೇಲೆ ಒಂದು ಚುಕ್ಕಿಯ ಕೆಳಗೆ ಹಸಿರು ಗೆರೆ ಸಣ್ಣಗೆ ಕಡಿಯಿತು. ಅಲ್ಲಿಂದಲೇ ಒಂದು ದಪ್ಪ ಕಾಲು ಇಳಿದು ತೂತನ್ನು ಅಗಲ ಮಾಡಿತು. ಉಳಿದ ಚುಕ್ಕಿಗಳು ಮತ್ತೆ ಕಾಣಲಿಲ್ಲ.

ಪೊರೆ ಕರಗಿಸುವ ಐದೂ ಮೆಟಲೊಪ್ರೋಟಿಯೇಸ್ ಕಿಣ್ವಗಳನ್ನು ತೆಗೆದರೂ ಈ ಕೋಶ ನಿಧಾನವಾಗಿ, ಆಕ್ಟಿನ್ ಬಲದಿಂದ ತಳ್ಳಿಕೊಂಡೇ ದಾಟುತ್ತದೆ ಅಂತ 2019ರಲ್ಲಿ ತೋರಿಸಿದ್ದಾರೆ. ಆ ಹುಳಗಳನ್ನು ಮುಂದಿನ ವಾರ ಸಾಕೋಕೆ ಶುರು ಮಾಡಬೇಕು. ಅಮ್ಮನಿಗಿನ್ನೂ ಹೇಳಿಲ್ಲ.